ತೆರೆದ ಬಾಗಿಲನ್ನು ಮುಚ್ಚಿದೆ ಎಂದ ನಾಲ್ಕು ಸಾಲು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಸುಳ್ಳಲ್ಲ. ನನ್ನ ಕಣ್ಣೆದುರಿಗೇ ಮಾಲೀಕ ಮಷೀನಿನವನ ಕಪಾಳಕ್ಕೆ ಬಾರಿಸಿದ ದಿನ ನಾನು ಕುರ್ಚಿ ಎತ್ತಿ ಒಗೆದಿದ್ದೆ. ಅದು ನನ್ನ ಕೋಣೆಯ ಒಂದು ಗಾಜಿಗೆ ಬಡಿದು ಗಾಜು ಪುಡಿಯಾಯಿತು. ಮಾಲೀಕನಿಗೇ ಬಡಿದಿದ್ದರೆ ನನ್ನ ಕೆಲಸ ಅಲ್ಲಿಗೇ ಹೋಗುತ್ತಿತ್ತು, ಆ ಮಷೀನಿನವನ ಕೈ ಉಳಿಯುತ್ತಿತ್ತು.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಗೆ ಇದ್ದ ಸಣ್ಣ ಘಟಕ ಅದು. ಅಕೇಶಿಯಾ, ನೀಲಗಿರಿ ದಿಮ್ಮಿಗಳನ್ನು ಚೂರು ಮಾಡುವುದು ಕೆಲಸ. ಹಲ್ಲಿರುವ ಎರಡು ರೋಲರುಗಳು ದಿಮ್ಮಿಯನ್ನು ಕಚ್ಚಿ ಒಳಗೆಳೆದು ಬ್ಲೇಡಿಗೆ ಒಪ್ಪಿಸುತ್ತಿದ್ದವು. ಅದನ್ನು ನಡೆಸುವವನು ಮಳಗಿ ಊರಿನ ಕಡೆಯವನು, ಹಣೆಗೆ ವಿಭೂತಿ ಹಚ್ಚದೆ ಮಷೀನು ಮುಟ್ಟಿದವನಲ್ಲ. ನಾನು ಗಾಜಿನ ಕೋಣೆಯಲ್ಲಿ ಕುಳಿತು ಮಷೀನಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ.

ರೋಲರಿನ ಪಕ್ಕದ ಬಾಗಿಲು ತೆರೆದರೆ ಪ್ರೋಗ್ರಾಂ ರೋಲರನ್ನು ನಿಲ್ಲಿಸಬೇಕು. ಆದರೆ ಬಾಗಿಲಿನ ಸೆನ್ಸರಿನ ಮೇಲೆ ಕಟ್ಟಿಗೆಯ ದೂಳು ಕೂತು, ಮುಚ್ಚಿದ ಬಾಗಿಲೂ ತೆರೆದಂತೆ ಕಂಡು, ಪಾಳಿಗೆ ಹತ್ತಾರು ಸಲ ಮಷೀನು ನಿಲ್ಲುತ್ತಿತ್ತು. ಮಷೀನಿನವನೇ ತಂಬಾಕು ತಿಕ್ಕಲು ಬಾಗಿಲು ತೆಗೆದು ಮಷೀನು ನಿಲ್ಲಿಸುತ್ತಾನೆ ಎಂಬುದು ಮಾಲೀಕನ ಅನುಮಾನ. ಆ ಹೊಡೆತ ಅದಕ್ಕೇ ಬಿದ್ದದ್ದು. ಹೊಡೆಸಿಕೊಂಡವನು ನೆಲಕ್ಕೆ ಬಿದ್ದ ಟೋಪಿ ಎತ್ತಿಕೊಂಡು ಮತ್ತೆ ದಿಮ್ಮಿ ತಳ್ಳತೊಡಗಿದ. ಇನ್ನು ಈ ಮಷೀನು ನಿಲ್ಲುವುದೇ ಬೇಡ, ನೋಡೋಣ ಇವನ ಮೇಲೆ ಯಾರು ಕೈ ಎತ್ತುತ್ತಾರೆ ಎಂದುಕೊಂಡೆ.

ಪ್ರೋಗ್ರಾಂ ಬರೆದವನು ಎಲ್ಲಿಗೋ ಹೋಗಿದ್ದ. ಅವನು ಬರೆದ ಮೂಲ ಸಾಲುಗಳು ನಮ್ಮ ಹತ್ತಿರ ಇರಲಿಲ್ಲ. ಕಂಪೈಲ್ ಆಗಿ, ಅಂದರೆ ಮಷೀನಿನ ಭಾಷೆಗೆ ತಿರುಗಿ ಗಟ್ಟಿಯಾದ, ಕ್ಲಾಸುಗಳೆಂಬ ತುಂಡುಗಳು ಮಾತ್ರ ಡಿಸ್ಕಿನಲ್ಲಿದ್ದವು, ಆ ಫೈಲುಗಳನ್ನು ಮುಟ್ಟಬಾರದೆಂಬ ಕಟ್ಟಪ್ಪಣೆಯೂ ಇತ್ತು. ಮುಟ್ಟದೆಯೂ ತಿದ್ದುವ ದಾರಿ ನನಗೆ ಗೊತ್ತಿತ್ತು. ಪ್ರೋಗ್ರಾಂ ಶುರುವಾದಾಗ ಕ್ಲಾಸುಗಳು ಒಂದೊಂದಾಗಿ ಮೆಮೊರಿಗೆ ಏರುತ್ತವೆ. ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಬಸ್ಸು ಹತ್ತುವವನ ಚೀಲಕ್ಕೆ ಏನಾದರೂ ತುರುಕಿದ ಹಾಗೆ, ಏರುವ ಆ ಕ್ಷಣದಲ್ಲಿ ಅವುಗಳನ್ನು ಬದಲಿಸಬಹುದು. ಡಿಸ್ಕಿನ ಮೇಲೆ ಎಲ್ಲವೂ ಇದ್ದ ಹಾಗೇ ಇರುತ್ತದೆ. ನಾಲ್ಕೇ ಸಾಲು ತುರುಕಿದೆ. ಸೆನ್ಸರು ಏನೇ ಹೇಳಲಿ, ಬಾಗಿಲು ಮುಚ್ಚಿದೆ ಎಂದೇ ಪ್ರೋಗ್ರಾಂ ನಂಬಬೇಕು, ದಾಖಲೆಯಲ್ಲೂ ಹಾಗೆಯೇ ಬರೆಯಬೇಕು. ಯಾರಿಗೂ ಹೇಳಲಿಲ್ಲ. ಭಾರಿ ಜಾಣ ನಾನು!

ಮರುದಿನ ಮಧ್ಯಾಹ್ನದವರೆಗೆ ಮಷೀನು ಒಮ್ಮೆಯೂ ನಿಲ್ಲಲಿಲ್ಲ. ನಾನು ರಿಪೇರಿ ಮಾಡಿದೆನೆಂದುಕೊಂಡು ಮಷೀನಿನವನು ದೂರದಿಂದಲೇ ನನಗೆ ಕೈ ಮುಗಿದ. ನಾನು ಉಬ್ಬಿಹೋದೆ.

ಗಾಜಿನ ಕೋಣೆ ಬಿಟ್ಟು ಹೊರಗೆ ಬಾರದ ನನಗೆ ಒಂದು ಸಂಗತಿ ಗೊತ್ತಿರಲಿಲ್ಲ. ತುರ್ತಿಗೆಂದು ಇಟ್ಟಿದ್ದ ಕೆಂಪು ಗುಂಡಿ ಒತ್ತಿದರೆ ಇಡೀ ಮಷೀನು ಸತ್ತು, ಮತ್ತೆ ಎಬ್ಬಿಸಲು ಅರ್ಧ ಗಂಟೆ ಬೇಕು, ಮಾಲೀಕನ ಬೈಗುಳ ಬೇರೆ. ಅದಕ್ಕೇ ಅಲ್ಲಿ ಯಾರೂ ಅದನ್ನು ಒತ್ತುತ್ತಿರಲಿಲ್ಲ. ತೊಗಟೆ ಸುತ್ತಿಕೊಂಡು ರೋಲರು ಸಿಕ್ಕಿಬಿದ್ದರೆ ಬಾಗಿಲು ತೆರೆದು ಕೈಯಿಂದ ಕಿತ್ತು ತೆಗೆಯುವುದೇ ಅವರ ಪದ್ಧತಿ. ಬಾಗಿಲೇ ಅವರ ಗುಂಡಿ.

ಊಟದ ನಂತರ ತೊಗಟೆ ಸಿಕ್ಕಿತು. ಅವನು ಬಾಗಿಲು ತೆರೆದ. ರೋಲರು ಅಲುಗಾಡದೆ ನಿಂತಿತ್ತು, ನಿಂತದ್ದು ತೊಗಟೆಯ ಬಿಗಿತಕ್ಕೆ, ಒಳಗೆ ಮೋಟಾರು ಜಗ್ಗುತ್ತಲೇ ಇತ್ತು. ಅವನು ತೊಗಟೆ ಕಿತ್ತದ್ದೇ ತಡ, ರೋಲರು ಅವನ ಬಲಗೈಯನ್ನು ಮೊಣಕೈವರೆಗೆ ಎಳೆದುಕೊಂಡಿತು. ಆ ಕೂಗು ಬ್ಲೇಡಿನ ಸದ್ದನ್ನೂ ಮೀರಿ ಕೇಳಿಸಿತು. ನಾನು ಓಡಿಹೋಗಿ ಕೆಂಪು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದೆ. ದಿಮ್ಮಿಯ ಬಿಳಿ ಮೈಯ ಮೇಲೆ ರಕ್ತ ಚಿಮ್ಮಿತ್ತು, ಕೈ ಕೈಯ ಆಕಾರದಲ್ಲಿ ಉಳಿದಿರಲಿಲ್ಲ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಮಷೀನನ್ನು ನಡೆಸಿ ನೋಡುವ ಗೋಜಿಗೆ ಹೋಗದೆ ಡಿಸ್ಕಿನ ಫೈಲುಗಳನ್ನು ಮಷೀನು ಬಂದಾಗ ತೆಗೆದಿಟ್ಟಿದ್ದ ಪ್ರತಿಯ ಜೊತೆ ಹೋಲಿಸಿದ, ಒಂದು ಅಕ್ಷರವೂ ಬದಲಾಗಿರಲಿಲ್ಲ. ದಾಖಲೆಯಲ್ಲಿ ಬಾಗಿಲು ಮುಚ್ಚಿತ್ತು.

"ಬಾಗಲಾ ತಗದಿದ್ರ ಮಷೀನ ನಿಂತಿರತಿತ್ತಲ್ರೀ. ಇವ ಮ್ಯಾಲಿನ ಸಂದಿಯೊಳಗ ಕೈ ಹಾಕ್ಯಾನ. ಕಂಪ್ಯೂಟರ ಸುಳ್ಳ ಹೇಳತೈತೇನು?" ಎಂದ ಮಾಲೀಕ.

ನಾನು ಪಕ್ಕದಲ್ಲೇ ನಿಂತಿದ್ದೆ. ಹೇಡಿ, ಬಾಯಿ ಬಿಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ಅವನು.

ಎಂಟು ದಿನದ ಮೇಲೆ ಅವನ ಹೆಂಡತಿ ಅವನ ಬುತ್ತಿ ಡಬ್ಬಿ ಒಯ್ಯಲು ಬಂದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನು ಮೊದಮೊದಲು ಬಾಗಿಲು ತೆಗೆದಿದ್ದೆ ಎಂದು ಆಣೆ ಹಾಕುತ್ತಿದ್ದನಂತೆ. ಅವನ ಅಣ್ಣನೇ ನಂಬದೆ ಬೈದು ಹೋದನಂತೆ. ಈಗ ಆಣೆ ಹಾಕುವುದನ್ನೂ ಬಿಟ್ಟಿದ್ದಾನಂತೆ.

"ನಾನ ತಗದಿರಾಕಿಲ್ಲೇನೋ ಅಂತಾರ್ರೀ. ಎಡಗೈಲೆ ತಮ್ಮ ಮಾರಿ ತಾವ ಹೊಡ್ಕೋತಾರ," ಎಂದಳು.

ಅಂದೇ ಆ ನಾಲ್ಕು ಸಾಲನ್ನು ಕಾಗದದ ಮೇಲಿಳಿಸಿ, ಕೆಳಗೆ ಸಹಿ ಮಾಡಿ, ಅಧಿಕಾರಿಯ ಕೈಗೆ ಕೊಟ್ಟೆ. ಸುದ್ದಿ ತಿಳಿದ ಮಾಲೀಕ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ನಾನೂ ಬಿಡಲಿಲ್ಲ, ಅವನ ತುಟಿ ಒಡೆಯುವವರೆಗೆ ಗುದ್ದಿದೆ. ಆದರೂ ಮನಸ್ಸಿಗೆ ಹಾಯೆನಿಸಲಿಲ್ಲ. ಅಂಗಿಯ ಮೇಲೆ ಮಾಲೀಕನ ರಕ್ತ ಇದ್ದ ಹಾಗೇ ಹುಬ್ಬಳ್ಳಿ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಮಷೀನಿನವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಹೆಂಡತಿ ಕಾಲ ಹತ್ತಿರ ಕುಳಿತಿದ್ದಳು.

"ಬಾಗಲಾ ತಗದಿದ್ರಿ ನೀವು," ಎಂದೆ. "ಮುಚ್ಚೇತಿ ಅಂತ ಪ್ರೋಗ್ರಾಮಿನ ಬಾಯಿಲೆ ಸುಳ್ಳ ಹೇಳಿಸಿದಾವ ನಾನು."

ಅವನು ನಿಧಾನವಾಗಿ ಈ ಕಡೆ ತಿರುಗಿದ. ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ಕೇಳಿದಿಲ್ಲೋ? ತಗದಿದ್ದೆ ನಾ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಅವನು ನನ್ನನ್ನು ಹತ್ತಿರ ಕರೆದು ಎಡಗೈ ಬೀಸಿದ. ರೂಢಿಯಿಲ್ಲದ ಕೈ, ಏಟು ಭುಜಕ್ಕೆ ಬಿತ್ತು.

"ಇನ್ನಾ ಸ್ವಲ್ಪ ಬಗ್ಗರಿ ಸರ," ಎಂದ.

ಬಗ್ಗಿದೆ.