ಎಳ್ಳಮಾವಾಸ್ಯೆಯ ಹಾಜರಿ

ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ನನ್ನದೆಂದು ಮನೆಯವಳ ದೂರು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಆ ಬುದ್ಧಿಗೆ ತಕ್ಕ ಕೆಲಸವೇ ಸಿಕ್ಕಿತು: ಪಾಲಿಕೆ ಶಾಲೆಗಳ ದಕ್ಷತೆ ಅಳೆಯುವುದು. ಎಷ್ಟು ಶಿಕ್ಷಕರು, ಎಷ್ಟು ಮಕ್ಕಳು, ಬಂದವರಲ್ಲಿ ಓದಬಲ್ಲವರೆಷ್ಟು ಎಂದು ಫಾರಂ ತುಂಬಬೇಕು. ಈ ಮರಾಠಿ ಸೀಮೆಯಲ್ಲಿ ಕನ್ನಡ ಬಲ್ಲವನೆಂದು, ದುಡಿಯಲು ಬಂದ ಹಮಾಲರ ಮಕ್ಕಳು ಓದುವ ತುರ್ಭೆಯ ಕನ್ನಡ ತರಗತಿ ನನಗೆ ಬಿತ್ತು. ಅರ್ಧಕ್ಕಿಂತ ಕಡಿಮೆ ಹಾಜರಿ ಕಂಡರೆ ಹೆದ್ದಾರಿಯಾಚೆಯ ಶಾಲೆಗೆ ಅದನ್ನು ಸೇರಿಸುತ್ತಾರೆ ಎಂಬುದೂ ನನಗೆ ಗೊತ್ತಿತ್ತು.

ಹೇಳದೆ ಹೋಗುವುದು ನಿಯಮ. ಹಬ್ಬದ ದಿನ ಹೋಗಬಾರದೆಂಬುದೂ ನಿಯಮ. ಉಡುಪಿಯಿಂದ ತರಿಸಿದ ಕ್ಯಾಲೆಂಡರ್ ನೋಡಿಯೇ ದಿನ ಆರಿಸಿ, ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದೆ.

ಮೂವತ್ನಾಲ್ಕರಲ್ಲಿ ಆರು ಮಕ್ಕಳಿದ್ದರು. "ಉಳಿದವರೆಲ್ಲಿ ಟೀಚರ್?" ಎಂದು ಪೆನ್ನು ತೆಗೆದೆ.

ಕಲಬುರಗಿ ಕಡೆಯ ಆ ಟೀಚರಮ್ಮನ ಮುಖ ಕೆಂಪಾಯಿತು. "ಇವತ್ತ ಎಳ್ಳಮಾಸಿ ಅದರೀ ಸರ್! ಬರದು ಮುಗಸಬ್ಯಾಡ್ರಿ. ಆ ಹೆದ್ದಾರಿ ದಾಟಿ ಹೆಣ್ಣುಮಕ್ಕಳನ್ನ ಯಾರು ಕಳಸ್ತಾರ್ರಿ? ಬರ್ರಿ ನನ್ನ ಕೂಡ."

ಕರಾವಳಿಯವನಾದ ನನಗೆ ಅಂಥದೊಂದು ಹಬ್ಬವಿದೆಯೆಂದೇ ತಿಳಿದಿರಲಿಲ್ಲ. ಅವರ ಊರಲ್ಲಿ ಅಂದು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಚೆಲ್ಲಿ ಉಣ್ಣುತ್ತಾರಂತೆ. ಇಲ್ಲಿ ಹೊಲವೆಲ್ಲಿ? ಶಾಲೆಯ ಹತ್ತಿರದ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಹಮಾಲರ ಕುಟುಂಬಗಳೆಲ್ಲ ಸಾಲಾಗಿ ಕೂತಿದ್ದವು. ಉಳಿದ ಮಕ್ಕಳೆಲ್ಲ ಅಲ್ಲೇ, ಬಾಯಿ ತುಂಬ ಕಡಬು.

ನಾನು ಬಿಡುವವನಲ್ಲ. ಫಾರಂ ಕೊಟ್ಟು ಓದಿಸಿದೆ. ಎರಡು ಜಡೆಯ ಹುಡುಗಿ ಎಣ್ಣೆಗೈಯಲ್ಲೇ ಹಿಡಿದು ಗಟ್ಟಿಯಾಗಿ ಓದಿದಳು: "ಮಕ್ಕಳು ಶಾಲೆಗೆ ಬರದಿರಲು ಕಾರಣವೇನು?" ಆಮೇಲೆ ನನ್ನತ್ತ ತಿರುಗಿ, "ನಾವು ದಿನಾ ಹೋಗ್ತೀವ್ರಿ. ನೀವೇ ಒಂದ್ ದಿನಾ ಬಂದೀರಿ, ಅದೂ ಹಬ್ಬದಾಗ," ಎಂದಳು. ಎಲ್ಲರೂ ನಕ್ಕರು. ನಾಚಿಕೆಯಾಯಿತು, ನಗುವೂ ಬಂತು. ಆ ಎಣಿಕೆಯನ್ನು ಹೊಡೆದುಹಾಕಿ, ತಪ್ಪು ನನ್ನದೆಂದು ಬರೆದು, ಸಜ್ಜೆ ರೊಟ್ಟಿಗೆ ಕೂತೆ.

ಮರುದಿನ ಮತ್ತೆ ಹೋದೆ. ಮೂವತ್ತಮೂರು ಮಕ್ಕಳು. ಬಾರದವನಿಗೆ ಕಡಬು ಹೆಚ್ಚಾಗಿ ಹೊಟ್ಟೆ ಕೆಟ್ಟಿತ್ತು. ನನ್ನದೂ ಸರಿಯಿರಲಿಲ್ಲ. ತರಗತಿ ಉಳಿಯಿತು.

ಈಗ ಪ್ರತಿ ವರ್ಷ ಎಳ್ಳಮಾವಾಸ್ಯೆಯ ಹಿಂದಿನ ದಿನ ಟೀಚರಮ್ಮನ ಫೋನ್ ಬರುತ್ತದೆ. "ನಾಳೆ ಅಳೀಲಿಕ್ಕೆ ಬರ್ತೀರೋ, ಉಣ್ಣಾಕ ಬರ್ತೀರೋ ಸರ್?"

"ಉಣ್ಣಲಿಕ್ಕೇ ಮಾರಾಯ್ರೆ," ಎನ್ನುತ್ತೇನೆ. ಫಾರಂ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.