ಸುಟ್ಟುಹೋದ ಹನ್ನೆರಡು ಗಿಡ

ಬ್ರಿಟಿಷರ ಕಾಲ. ಕೊಡಗಿನಲ್ಲಿ ಬಿ.ಎಸ್ಸಿ. ಓದಲು ಕಾಲೇಜಿರಲಿಲ್ಲ. ಮದರಾಸಿನಲ್ಲಿ ಓದುತ್ತ ಬೇಸಿಗೆ ರಜೆಗೆ ಊರಿಗೆ ಬಂದ ನಮ್ಮನ್ನು ನಮ್ಮ ಕಾಲೇಜಿನ ಪ್ರೊಫೆಸರರೊಬ್ಬರು ವಿರಾಜಪೇಟೆ ಬಳಿಯ ತಮ್ಮ ಕಾಫಿ ತೋಟಕ್ಕೆ ಕರೆಸಿ ಸಂಶೋಧನೆಗೆ ಪಳಗಿಸುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲು, ಬಾಯಲ್ಲಿ ಒಂದೇ ಮಾತು: "ಕಂಡದ್ದು ಬರಿ ಮಾರಾಯ, ಅಂದುಕೊಂಡದ್ದಲ್ಲ."

ನನಗೆ ಒಪ್ಪಿಸಿದ್ದು ಕಾಂಡಕೊರಕ ಹುಳ ಹೊಕ್ಕ ಹನ್ನೆರಡು ಗಿಡ. ಆ ಹುಳ ದುಂಬಿಯಾಗಿ ಯಾವ ದಿನ ಹೊರಬರುತ್ತದೆಂದು ದಿನವೂ ನೋಡಿ ಪುಸ್ತಕದಲ್ಲಿ ಬರೆಯಬೇಕು. ಬರೆದದ್ದು ಅವರಿಗೆ ಒಪ್ಪಿಗೆಯಾದರೆ ಮುಂದೆ ಡಾಕ್ಟರೇಟಿಗೆ ಅವರ ಶಿಫಾರಸು ಪತ್ರ. ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿದೆ. ಒಂಬತ್ತನೆಯ ದಿನ ಹೋಗಿ ನೋಡಿದರೆ ಬರೀ ಬೂದಿ!

"ಕೆಂಪು ಬಟ್ಟೆ ಅಂದ್ರೆ ಕಿತ್ತು ಸುಡೋದೇ ಅಲ್ವಾ ಸಾಮೀ?" ಎಂದ ಮೇಸ್ತ್ರಿ. ತೋಟದ ವಾಡಿಕೆಯೇ ಅದು. ಕೇಳದೆ ಕಟ್ಟಿದವನು ನಾನು.

ಉಳಿದ ದಿನಗಳನ್ನು ಊಹಿಸಿ ತುಂಬಿಸಲು ಕೈ ತುರಿಸಿತು. ಕೊನೆಗೆ "ಗಿಡಗಳು ಸುಟ್ಟುಹೋದವು, ತಪ್ಪು ನನ್ನದು" ಎಂದಷ್ಟೇ ಬರೆದು ಪುಸ್ತಕ ಕೊಟ್ಟೆ.

ಓದಿದ ಪ್ರೊಫೆಸರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪತ್ರ ಇವತ್ತೇ ಬರೀತೇನೆ ಹೋಗೋ!"

ನನಗೆ ಹೋದ ಜೀವ ಬಂದಂತಾಯಿತು.

"ಹೋದ ವರ್ಷ ಬಂದಿದ್ದ ಹುಡುಗನ ಗಿಡಗಳನ್ನೂ ಮೇಸ್ತ್ರಿ ಹೀಗೇ ಸುಟ್ಟಿದ್ದ," ಎಂದರು ಕಣ್ಣೊರೆಸಿಕೊಳ್ಳುತ್ತ. "ಅವನ ಪುಸ್ತಕದಲ್ಲಿ ಮಾತ್ರ ಆಮೇಲೂ ಒಂದು ವಾರ ದುಂಬಿ ಹಾರ್ತಾ ಇತ್ತು."