ಪಾಠದಲ್ಲಿ ಬರುತ್ತಿದ್ದ ಅಕ್ಕ

ಕೋಲಾರದ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ನಾನೊಂದು ತರಗತಿ ನಡೆಸುತ್ತೇನೆ. ಅದಕ್ಕೆ ಪಠ್ಯವಿಲ್ಲ, ಪರೀಕ್ಷೆಯೂ ಇಲ್ಲ. ಪಿಎಚ್.ಡಿ. ಮುಗಿಸುವ ಹಂತದಲ್ಲಿರುವವರು, ಮುಗಿಸಿ ಎಲ್ಲೋ ಒಂದೆರಡು ವರ್ಷ ಪೋಸ್ಟ್‌ಡಾಕ್ ಸಂಶೋಧನೆ ಮಾಡಿ ಬಂದವರು, ಕಾಲೇಜಿನಲ್ಲಿ ಕೆಲಸ ಹಿಡಿಯುವ ಆಸೆಯಿರುವವರು ಬಂದು ಕೂರುತ್ತಾರೆ. ಇವರಿಗೆಲ್ಲ ಪ್ರಬಂಧ ಬರೆಯುವುದು ಗೊತ್ತು, ಲ್ಯಾಬಿನಲ್ಲಿ ಯಂತ್ರಗಳ ಜೊತೆ ಏಗುವುದು ಗೊತ್ತು. ಆದರೆ ಒಂದು ಕೋಣೆ ತುಂಬ ಮಕ್ಕಳ ಎದುರು ನಿಲ್ಲುವುದು ಹೇಗೆ, ಆಯ್ಕೆ ಸಮಿತಿಯವರು ‘ಇನ್ನು ಐದು ವರ್ಷ ಇಲ್ಲಿ ಏನು ಮಾಡ್ತೀರಿ’ ಎಂದು ಕೇಳಿದರೆ ಏನು ಹೇಳಬೇಕು ಎಂಬುದನ್ನು ಯಾರೂ ಕಲಿಸಿರುವುದಿಲ್ಲ. ನನಗೂ ಯಾರೂ ಕಲಿಸಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷವನ್ನು ನಾನು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಕಳೆದೆ.

ಕೆಲವು ವರ್ಷಗಳ ಹಿಂದೆ ಈ ತರಗತಿಗೆ ಬಂದವರಲ್ಲಿ ಇಬ್ಬರು ನನಗೆ ಹತ್ತಿರವಾದರು. ಒಬ್ಬ ಮುಳಬಾಗಿಲಿನವನು, ಮೆಕ್ಯಾನಿಕಲ್ ವಿಭಾಗ, ಉತ್ತರದ ಕಡೆ ಪೋಸ್ಟ್‌ಡಾಕ್ ಮುಗಿಸಿ ಊರಿಗೆ ಬಂದಿದ್ದ. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಇನ್ನೊಬ್ಬಳು ರಾಯಲ್ಪಾಡಿನ ಹುಡುಗಿ. ನನ್ನದೇ ಸಿವಿಲ್ ವಿಭಾಗದಲ್ಲಿ, ಕೆರೆ ಏರಿಗಳ ಅಡಿಯಲ್ಲಿ ನೀರು ಹೇಗೆ ಜಿನುಗುತ್ತದೆ ಎಂಬುದರ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದಳು, ಬಂದವಳು ಕಿಟಕಿ ಪಕ್ಕ ಕೂತರೆ ಕೂತಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ವಾರಕ್ಕೊಬ್ಬರು ಉಳಿದವರ ಎದುರು ಪಾಠ ಮಾಡಿ ತೋರಿಸಬೇಕು. ಅವಳ ಸರದಿ ಬಂದ ದಿನ ಬೋರ್ಡಿನ ಮೇಲೆ ಏರಿಯ ಚಿತ್ರ ಬರೆದು ಪಾಠ ಶುರು ಮಾಡಿದಳು. ಸಣ್ಣ ದನಿ, ಹಿಂದಿನ ಬೆಂಚಿಗೆ ಕೇಳದು. ನಾನು ಕೈಯೆತ್ತಿ ಜೋರಾಗಿ ಹೇಳು ಎಂದು ಸನ್ನೆ ಮಾಡಿದೆ. ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಬಂದ ದನಿ ಬೇರೆಯದೇ. ತುಂಬಿದ ದನಿ, ವಯಸ್ಸಿನಲ್ಲಿ ದೊಡ್ಡವರದು, ಸಾವಧಾನದ್ದು.

“ನಿಲ್ಲಿ, ಇಲ್ಲೊಂದು ನಿಮಿಷ ನಿಲ್ಲಿ. ಅವಸರ ಏನಿಲ್ಲ. ಜಿನುಗೋ ನೀರು ತಿಳಿಯಾಗಿದ್ರೆ ಭಯ ಇಲ್ಲ. ಕೆಂಪಗೆ ಬಂತು ಅಂದ್ರೆ? ಒಳಗಡೆಯಿಂದ ಮಣ್ಣು ಎದ್ದು ಹೊರಟಿದೆ ಅಂತ ಅರ್ಥ.”

ಹೇಳುತ್ತ ಎಡಗೈಯನ್ನು ಸೊಂಟದ ಮೇಲಿಟ್ಟು ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಆ ನೋಟವೂ ಅವಳದ್ದಲ್ಲ. ಅವಳಿಗೂ ಅದು ತಿಳಿದಿರಬೇಕು, ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ಹೋಗಿಬಿಟ್ಟಳು.

ಮುಳಬಾಗಿಲಿನವನು ನಗಲಿಲ್ಲ. “ಮೇಡಂ, ಈಗ ಮಾತಾಡಿದ್ದು ಯಾರು?” ಎಂದ.

ನಾನು ಹುಡುಕಿಕೊಂಡು ಹೋದಾಗ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ತಾನಾಗಿ ಹೇಳಿದಳು.

“ಅದು ನಮ್ಮಕ್ಕ, ಮೇಡಂ.”

ಅಕ್ಕ ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದಳಂತೆ. ಮಾರನೆ ದಿನದ ಪಾಠವನ್ನು ಸಂಜೆ ಮನೆಯ ಪಡಸಾಲೆಯಲ್ಲಿ ತಂಗಿಯೊಬ್ಬಳನ್ನೇ ಕೂರಿಸಿಕೊಂಡು ಮಾಡಿ ನೋಡುವುದು ಅಕ್ಕನ ಅಭ್ಯಾಸ. ತಂಗಿಗೆ ಅರ್ಥವಾಗದಿದ್ದರೆ ಮತ್ತೆ ಮೊದಲಿನಿಂದ. ಹೀಗೆ ವರ್ಷಗಟ್ಟಲೆ ನಡೆದಿತ್ತು. ಒಂದು ಮಳೆಗಾಲ ಅಕ್ಕನಿಗೆ ಡೆಂಗಿ ಜ್ವರ ಬಂತು, ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ.

“ಪಾಠ ಮಾಡೋದು ಅಂದ್ರೆ ನಂಗೆ ಅದೊಂದೇ ಗೊತ್ತಿರೋದು, ಮೇಡಂ. ಬಾಯಿ ತೆಗೆದ್ರೆ ಅವಳೇ ಬರ್ತಾಳೆ. ನಿಲ್ಸೋಕಾಗಲ್ಲ. ಅಮ್ಮನ ಮುಂದೆ ಏನಾದ್ರೂ ಬಂದ್ಬಿಟ್ರೆ ಅಂತ ಮನೇಲಿ ನಾನು ಜೋರಾಗಿ ಓದೋದೂ ಇಲ್ಲ.”

ಮಾಲೂರಿನ ಒಂದು ಕಾಲೇಜಿನಲ್ಲಿ ಅವಳಿಗೆ ಸಂದರ್ಶನ ಹತ್ತಿರವಿತ್ತು. ಸಮಿತಿಯ ಮುಂದೆ ಪಾಠ ಮಾಡಿ ತೋರಿಸಲೇಬೇಕು. ಮುಂದಿನ ಶನಿವಾರಗಳಲ್ಲಿ ನಾನು ಆ ದನಿಯನ್ನು ತಪ್ಪಿಸುವ ದಾರಿ ಹುಡುಕಿದೆ. ಪೂರ್ತಿ ಇಂಗ್ಲಿಷಿನಲ್ಲೇ ಮಾಡು ಎಂದೆ, ಸ್ಲೈಡು ಹಾಕಿಕೊಂಡು ಮಾಡು ಎಂದೆ. ಮಾಡಿದಳು. ತಪ್ಪಿಲ್ಲದ ಪಾಠ, ಆದರೆ ಬಸ್ ನಿಲ್ದಾಣದ ಪ್ರಕಟಣೆಯ ಹಾಗಿತ್ತು. ಕೊನೆಗೆ ಮುಳಬಾಗಿಲಿನವನೇ ಬಾಯಿಬಿಟ್ಟ.

“ಅವತ್ತಿನದೇ ಚೆನ್ನಾಗಿತ್ತು, ಮೇಡಂ. ಭಯ ಆಯ್ತು, ನಿಜ. ಆದ್ರೆ ನಾನು ಮೆಕ್ಯಾನಿಕಲ್‌ನವನು, ನಂಗೇ ಅರ್ಥ ಆಗೋಯ್ತು.”

ನನಗೂ ಆ ದನಿ ಬಿಟ್ಟುಹೋಗಿರಲಿಲ್ಲ. ಕಾರಿಡಾರಿನಲ್ಲಿ ನಡೆಯುವಾಗ, ಮನೆಯಲ್ಲಿ ಅಕ್ಕಿ ತೊಳೆಯುವಾಗ ‘ಅವಸರ ಏನಿಲ್ಲ’ ಎಂದು ಯಾರೋ ಹಿಂದಿನಿಂದ ಹೇಳಿದಂತಾಗುತ್ತಿತ್ತು. ಮುಖ ಕಂಡಿಲ್ಲದ ಒಬ್ಬ ಹೆಂಗಸಿನ ದನಿ ನನಗೆ ನನ್ನ ಅಮ್ಮನ ದನಿಯಷ್ಟೇ ಚೆನ್ನಾಗಿ ಗೊತ್ತಾಗಿಹೋಗಿತ್ತು.

ಮಾವಿನ ಕಾಲದಲ್ಲಿ ಗೌನಿಪಲ್ಲಿ ಕಡೆಯ ಒಂದು ಏರಿ ನೋಡಲು ಮೂವರೂ ಹೋದೆವು. ಅಳತೆ ಮುಗಿದಾಗ ಊಟದ ಹೊತ್ತು. ರಾಯಲ್ಪಾಡಿನ ಅವಳ ಮನೆಯಲ್ಲಿ ತಾಯಿ ಮುದ್ದೆ, ಬಸ್ಸಾರು ಮಾಡುತ್ತಿದ್ದರು. ಅಲ್ಲಿವರೆಗೆ ಪಡಸಾಲೆಯಲ್ಲಿ ಕೂತೆವು. ಗೋಡೆಯ ಮೇಲೆ ದೊಡ್ಡ ಮಗಳ ಫೋಟೊ ಇರಲಿಲ್ಲ. ಹಾಕಲು ತಾಯಿ ಒಪ್ಪಲಿಲ್ಲವೆಂದು ಆಮೇಲೆ ತಿಳಿಯಿತು.

ಮುಳಬಾಗಿಲಿನವನು ಬೆಳಿಗ್ಗೆ ನೋಡಿದ ಏರಿಯ ಬಗ್ಗೆ ಏನೋ ಕೇಳಿದ. ಅವಳು ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸತೊಡಗಿದಳು. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. ಹೇಳುತ್ತ ಹೇಳುತ್ತ ತಾನಿರುವುದು ಎಲ್ಲಿ ಎಂಬುದನ್ನೇ ಮರೆತಳು.

“ನಿಲ್ಲಿ, ಇಲ್ಲೊಂದು ನಿಮಿಷ ನಿಲ್ಲಿ...”

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ತಾಯಿ ಕೈಯಲ್ಲಿ ಮುದ್ದೆ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವರ ಮುಖದಲ್ಲಿ ದುಃಖವಿರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದವರ ಕಳೆಯಿತ್ತು. ಅದನ್ನು ನೋಡುವುದೇ ಕಷ್ಟವಾಯಿತು.

“ಪೆದ್ದಪಾಪ ವಚ್ಚಿಂದಾ?” ಎಂದರು. ಮನೆಮಾತು ತೆಲುಗಿನಲ್ಲಿ, ದೊಡ್ಡ ಮಗಳು ಬಂದಳಾ ಎಂದು.

ಹುಡುಗಿ ಬಿಳಿಚಿಕೊಂಡು ಅಂಗೈಯಿಂದ ನೆಲದ ಚಿತ್ರ ಒರೆಸಲು ಹೋದಳು. ಅಷ್ಟರಲ್ಲಿ ತಾಯಿಗೆ ಎಲ್ಲವೂ ತಿಳಿದಿತ್ತು. ಬಾಗಿಲ ಪಕ್ಕ ಗೋಡೆಗೊರಗಿ ನಿಧಾನವಾಗಿ ಕೂತರು.

“ಒರೆಸ್ಬೇಡ. ಹೇಳು.”

“ಬೇಡಮ್ಮ.”

“ಹೇಳು ಅಂದ್ನಲ್ಲ. ಅವಳು ಹೋದ್ಮೇಲೆ ನೀನೂ ಬಾಯಿ ಮುಚ್ಕೊಂಡ್ಬಿಟ್ಟೆ. ನಂಗೆ ಒಬ್ಬಳಲ್ಲ ಕಣೇ, ಇಬ್ರೂ ಹೋದಂಗಾಯ್ತು.”

ಹುಡುಗಿ ಪಾಠ ಮುಂದುವರಿಸಿದಳು. ಮೊದಲು ದನಿ ಸಣ್ಣದಾಗಿತ್ತು, ಆಮೇಲೆ ತುಂಬಿಕೊಂಡಿತು. ತಾಯಿ ಕಣ್ಣು ಮುಚ್ಚಿ ಕೇಳಿದರು. ಪಾಠದ ಒಂದು ಪದವೂ ಅವರಿಗೆ ಬೇಕಿರಲಿಲ್ಲ. ನಾನು ಮಾತ್ರ ಆ ಕೋಣೆಯಲ್ಲಿ ನಮಗಿಂತ ಒಬ್ಬರು ಹೆಚ್ಚಿದ್ದಾರೆಂದು ಬಲವಾಗಿ ಅನಿಸಿ, ಬಾಗಿಲ ಕಡೆ ನೋಡದೆ ಕೂತಿದ್ದೆ.

ಊಟ ಮುಗಿಸಿ ಹೊರಟಾಗ ತಾಯಿ ನನ್ನ ಕೈ ಹಿಡಿದು, “ಮೇಡಮ್ಮೋರೇ, ಮಾಲೂರಿಗೆ ನಾನೂ ಬರಬೌದಾ? ಒಳಕ್ಕೆ ಬರಲ್ಲ. ಹೊರಗೇ ಕೂತಿರ್ತೀನಿ” ಎಂದು ಕೇಳಿದರು.

ಸಂದರ್ಶನದ ದಿನ ನಾನೂ ತಾಯಿಯೂ ಮಾಲೂರಿನ ಆ ಕಾಲೇಜಿನ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತೆವು. ಬಾಗಿಲು ಸ್ವಲ್ಪ ತೆರೆದಿತ್ತು. ದನಿ ಬಂತು. ತಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಪಾಠವಾದ ಮೇಲೆ ಒಳಗೆ ಯಾರೋ ಹಿರಿಯರು, “ಹೀಗೆ ಪಾಠ ಮಾಡೋದನ್ನ ಎಲ್ಲಿ ಕಲಿತ್ರಮ್ಮ?” ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

“ಮನೇಲಿ, ಸರ್. ನಮ್ಮಕ್ಕ ಹೇಳ್ಕೊಟ್ಟಿದ್ದು.”

ಕೆಲಸ ಮಾತ್ರ ಅಲ್ಲಿ ಸಿಗಲಿಲ್ಲ. ಅವಳಿಗಿಂತ ಹೆಚ್ಚು ಪ್ರಬಂಧಗಳಿದ್ದ ಒಬ್ಬರನ್ನು ತೆಗೆದುಕೊಂಡರು. ಬೇಸರವಾದದ್ದು ನನಗೆ. ಅವಳು ಮುಂದಿನ ಶನಿವಾರ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಕೆಲವು ತಿಂಗಳಾದ ಮೇಲೆ ಅವಳಿಗೆ ಮುಳಬಾಗಿಲಿನಲ್ಲಿ ಕೆಲಸವಾಯಿತು. ಮುಳಬಾಗಿಲಿನವನಿಗೆ ಮಾಲೂರಿನಲ್ಲಿ ಆಯಿತು. “ನಮ್ಮೂರಿಗೆ ಅವಳನ್ನ ಕಳಿಸಿ ನನ್ನನ್ನ ಓಡಿಸಿದ್ರಿ” ಎಂದು ಈಗಲೂ ನನ್ನನ್ನು ದೂರುತ್ತಾನೆ.

ಕಳೆದ ವರ್ಷ ಪ್ರಾಯೋಗಿಕ ಪರೀಕ್ಷೆಗೆಂದು ಅವಳ ಕಾಲೇಜಿಗೆ ಹೋಗಿದ್ದೆ. ಬಿಡುವಿನಲ್ಲಿ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಕೂತೆವು. ಈಗ ಅವಳ ಕೈಕೆಳಗೂ ಒಬ್ಬಳು ಪಿಎಚ್.ಡಿ.ಗೆ ಸೇರಿದ್ದಾಳೆ. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ.

“ಚೆನ್ನಾಗಿದ್ದಾರೆ. ದಿನಾ ಸಂಜೆ ಫೋನ್ ಮಾಡಿ, ಇವತ್ತು ಏನ್ ಪಾಠ ಮಾಡ್ದೆ, ಹೇಳು ಅಂತಾರೆ. ಹೇಳ್ತೀನಿ.”

ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತಳು.

“ಮೇಡಂ, ಒಂದು ಮಾತು. ಅಕ್ಕನ ದನಿ ಹೇಗಿತ್ತು ಅಂತ ಈಗ ನೆನಪು ಬರ್ತಿಲ್ಲ. ಎಷ್ಟು ಜ್ಞಾಪಿಸ್ಕೊಂಡ್ರೂ ನನ್ನ ದನೀನೇ ಕೇಳ್ಸತ್ತೆ. ರೆಕಾರ್ಡ್ ಮಾಡಿಟ್ಟಿರೋದು ಒಂದೂ ಇಲ್ಲ. ಅವಳು ಹೀಗೇ ಮಾತಾಡ್ತಿದ್ಳಾ, ಇಲ್ಲ ನಾನೇ ಹೀಗೆ ಮಾಡ್ಕೊಂಡ್ನಾ ಗೊತ್ತಾಗ್ತಿಲ್ಲ. ಅಮ್ಮಂಗೆ ಹೇಳಿಲ್ಲ.”

ಇಷ್ಟು ವರ್ಷದಿಂದ ಸಂದರ್ಶನದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿಕೊಡುತ್ತ ಬಂದವಳು ನಾನು. ಆಗ ಅವಳ ಕೈಯ ಮೇಲೆ ಕೈಯಿಟ್ಟೆ. ಬೆಲ್ಲು ಹೊಡೆಯಿತು. ಬರ್ತೀನಿ ಮೇಡಂ ಎಂದು ಎದ್ದಳು, ಮುಂದಿನ ತರಗತಿಯಿತ್ತು. ಮಕ್ಕಳು ಆಗಲೇ ಬಾಗಿಲ ಬಳಿ ನಿಂತು ಅವಳ ದಾರಿ ಕಾಯುತ್ತಿದ್ದರು.